ಯಾವೂರ ನೀರು

ಬಾಗೇಪಲ್ಲಿಯ ಆಸ್ಪತ್ರೆ, ಹನ್ನೊಂದನೇ ನಂಬರಿನ ಕೋಣೆ.
ಕುರ್ಚಿಯ ಹಿಡಿಕೆಗೆ ಸುತ್ತಿದ ಬ್ಯಾಂಡೇಜು ಬಿಚ್ಚಿಕೊಂಡಿದೆ.
ಏಳು ವರ್ಷದ ಚರಣ ಬಾಯಿ ತೆರೆದು
ದೀಪದೊಳಗೆ ಸತ್ತ ನುಸಿಗಳನ್ನು ಎಣಿಸುತ್ತಿದ್ದಾನೆ.

ಮುಂದಿನ ಹಲ್ಲು ಹೊಸದು, ಬಂದು ಆರು ತಿಂಗಳಿಲ್ಲ.
ಒಸಡಿನಂಚಿಗೆ ಒಂದು ಮಾಸಲು ಬಿಳುಪು.
ಇನ್ನೂ ಹುಳುಕಲ್ಲ,
ಹುಳುಕಾಗುವ ಯೋಚನೆ ಅಷ್ಟೆ.
ಚುಚ್ಚಲಿಲ್ಲ ನಾನು, ಗಾಳಿ ಊದಿ ನೋಡಿದೆ;
ಒಣಗಿದಾಗ ಇನ್ನಷ್ಟು ಬೆಳ್ಳಗೆ ಎದ್ದು ಕಂಡಿತು,
ನೀರಾರಿದ ಕೆರೆಯಂಗಳದ ಚೌಳಿನ ಹಾಗೆ.

ಹಿಂದಿನೆರಡು ಹಾಲುಹಲ್ಲು ಹೋಗೇ ಹೋಗಿವೆ
ಅಂಗನವಾಡಿ ಎದುರಿನ ರೂಪಾಯಿ ಚಾಕಲೇಟಿಗೆ,
ದಿನಕ್ಕೆ ಮೂರು ಸಲದ ಟೀಗೆ, ಅದ್ದಿದ ಬನ್ನಿಗೆ.
ಅವಕ್ಕೆ ಬೇರೆ ಔಷಧಿ, ಬೆಳ್ಳಿ ಬೆರೆತದ್ದು;
ಹಚ್ಚಿದರೆ ಹಲ್ಲು ಕರ್ರಗಾಗುತ್ತದೆ,
ಹುಳುಕು ಅಲ್ಲಿಗೇ ನಿಲ್ಲುತ್ತದೆ, ನಿಂತರೆ.

"ಮುಂದಿನದಕ್ಕೆ ಫ್ಲೋರೈಡು ಹಚ್ತೀನಿ," ಅಂದೆ,
"ಕಳಕೊಂಡ ಸುಣ್ಣ ಮರಳಿ ಕೂರಲಿ ಅಂತ..."
ಮಾತು ಮುಗಿದಿರಲಿಲ್ಲ, ಗಂಗುಲಮ್ಮ ಎದ್ದಳು.
ಎದ್ದಳು ಅನ್ನುವುದು ಮಾತಿಗೆ. ಸೊಂಟ ನೆಟ್ಟಗಾಗದವಳು
ಬಾಗಿದ ಮಂಡಿಯಲ್ಲೇ ಬಂದು
ಮೊಮ್ಮಗನ ಬಾಯಿಗೆ ಕೈ ಅಡ್ಡ ಇಟ್ಟಳು.
"ವದ್ದಮ್ಮಾ, ವದ್ದು.
ಆ ಹೆಸರು ನನಗೆ ಗೊತ್ತು."

ಗೊತ್ತಿರಲೇಬೇಕು.
ಅವಳ ಬೀದಿಯ ಬೋರಿಗೆ ಕೆಂಪು ಬಳಿದವರು
ಅದೇ ಹೆಸರು ಹೇಳಿ ಜೀಪು ಹತ್ತಿದ್ದರು.
ಬಳಿಯುವ ಹೊತ್ತಿಗೆ ಮೂವತ್ತು ವರ್ಷ ಕುಡಿದಾಗಿತ್ತು;
ಮುದ್ದೆ ಬೆಂದದ್ದು, ಬಾಣಂತಿಗೆ ಕಾಯಿಸಿ ಕೊಟ್ಟದ್ದು,
ಸತ್ತವರ ಬಾಯಿಗೆ ಬಿಟ್ಟದ್ದು, ಎಲ್ಲ ಅದೇ.
ಕೆಂಪು ಬಣ್ಣ ಬಿಸಿಲಿಗೆ ಮಾಸಿತು.
ಮಡಚಿದ ಮಂಡಿ ಬಿಚ್ಚಲಿಲ್ಲ.

"ನೆಲದಾಗಿಂದು ತೆಗೀತೀವಿ ಅಂತ ಮಿಷಿನ್ನು ಕೂರಿಸಿದ್ರಿ.
ಐದು ರೂಪಾಯಿ ಕಾಯಿನ್ನು ಹಾಕಿ ಕ್ಯಾನು ಹೊತ್ತು ತರ್ತೀವಿ.
ತೆಗೆದಿದ್ದನ್ನೇ ಬಾಟ್ಲಿಗೆ ತುಂಬ್ಕೊಂಡು
ನನ್ನ ಹುಡುಗನ ಬಾಯಿಗೆ ಬಳೀತೀಯಾ?"

ಕಾಲೇಜಿನಲ್ಲಿ ಇದಕ್ಕೆ ಉತ್ತರ ಹನ್ನೆರಡು ಪುಟ.
ಪಿಪಿಎಂ ಅನ್ನಲೇ? ಲೀಟರಿಗಿಷ್ಟು ಮಿಲಿಗ್ರಾಂ ಅನ್ನಲೇ?
ಸಾರಿಗೆ ಉಪ್ಪು ಅಂದೆ. ಚಿಟಿಕೆಯಾದರೆ ರುಚಿ, ಬೊಗಸೆಯಾದರೆ...
"ಉಪ್ಪಿನ ಕತೆ ನನಗೆ ಹೇಳ್ಬೇಡ.
ಅತಿಯಾದ್ರೆ ಅಮೃತಾನೂ ವಿಷ ಅಂತ ನಮ್ಮವ್ವನೂ ಹೇಳ್ತಿದ್ಲು.
ವಿಷ ಒಂಚೂರಾದ್ರೆ ಅಮೃತ ಅಂತ
ನೀನೇ ಮೊದಲು ಹೇಳ್ತಿರೋದು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ:
"ನೀನು ಯಾವೂರ ನೀರು ಕುಡಿದೋಳು?"

ಮಾಸ್ಕು ಇಳಿಸಿದೆ.
ಐದು ವರ್ಷದ ಓದಿನಲ್ಲಿ, ಗೆಳತಿಯರ ಮದುವೆ ಫೋಟೊಗಳಲ್ಲಿ
ತುಟಿ ಬಿಗಿದು ಬಚ್ಚಿಟ್ಟದ್ದು,
ಅಡ್ಡಡ್ಡ ಕಂದು ಗೆರೆ, ಒಂದರ ಕೆಳಗೊಂದು,
ಏನೂ ಬರೆಯದೆ ಬಿಟ್ಟ ಕಾಪಿ ಪುಸ್ತಕದ ರೂಲು.
ದನ ಕೊಳ್ಳುವವರ ಹಾಗೆ ಹೆಬ್ಬೆರಳಿಂದ
ನನ್ನ ತುಟಿ ಎತ್ತಿ ನೋಡಿದಳು.
"ಪಾವಗಡದ ಕಡೆ," ಅಂದಳು. ನಾನು ಹೇಳಿರಲಿಲ್ಲ.
ಈ ಸೀಮೆಯಲ್ಲಿ ಹಲ್ಲೇ ವಿಳಾಸ.

"ಹೂಂ. ಹಚ್ಚು."

ಹತ್ತಿಯಲ್ಲಿ ಒರೆಸಿದೆ. ಕಾಡಿಗೆ ತೀಡುವಷ್ಟು ಸಣ್ಣ ಕುಂಚ,
ಜೇನಿನ ಬಣ್ಣ, ರಾಳದ ವಾಸನೆ,
ಪೂರ್ತಿ ಒಂದು ಹನಿಯೂ ಇಲ್ಲ.
ಚರಣ ನಾಲಿಗೆಯಲ್ಲಿ ತಡವಿ "ಗೋಂದು" ಅಂದ.
ಇವತ್ತು ರಾತ್ರಿ ಹಲ್ಲುಜ್ಜಬೇಡ ಅಂದದ್ದೇ
ಅವನಿಗೆ ನನ್ನ ಮೇಲೆ ಪ್ರೀತಿ ಬಂತು.

ಇನ್ನು ಕೆಲಸ ನನ್ನದಲ್ಲ, ಎಂಜಲಿನದು.
ಅವನು ಗೋಲಿ ಆಡುವಾಗ, ಮಗ್ಗಿ ಮರೆಯುವಾಗ
ಎಂಜಲು ಕಣಕಣವಾಗಿ ಸುಣ್ಣ ಹೊತ್ತು ತರುತ್ತದೆ;
ನಡುವೆ ಒಂದು ಸಿಹಿ ಟೀ, ಕಟ್ಟಿದ್ದು ಕರಗುತ್ತದೆ.
ಕೂತರೆ ಕೂತೀತು. ಮೂರು ತಿಂಗಳಿಗೆ ಬನ್ನಿ.

ಬಾಗಿಲಲ್ಲಿ ಗಂಗುಲಮ್ಮ ತಿರುಗಿದಳು.
"ಆ ಬಟ್ಟಲಲ್ಲಿ ಇನ್ನೊಂಚೂರು ಮಿಕ್ಕಿದೆಯಲ್ಲ,
ಬಿಸಾಕ್ತೀಯಾ?"
ಅವಳ ಬಾಯಲ್ಲಿ ನಾಲ್ಕು ಹಲ್ಲು, ನಾಲ್ಕೂ ತುಕ್ಕಿನ ಬಣ್ಣ.
"ನಿಮಗೆ ಬೇಡ ಅಜ್ಜಿ," ಅಂದೆ, "ನಿಮ್ಮ ಮೂಳೆಯಲ್ಲಿ
ಇಡೀ ಊರಿಗೆ ಹಚ್ಚುವಷ್ಟಿದೆ."

ನಕ್ಕಳು. ನಾನೂ.
ಮಾಸ್ಕು ಇನ್ನೂ ಕೆಳಗೇ ಇತ್ತು.